ದುರಸ್ತಿಯಾಗಿ ಬಂದ ರಿವಾಲ್ವರ್: ನಂಬಿಕೆಗೆ ಆಧಾರ ಯಾವುದು?

ಚಳ್ಳಕೆರೆ: ಶೇಂಗಾ ಮಂಡಿಯ ವರ್ತಕರು, ಎಣ್ಣೆ ಮಿಲ್ಲುಗಳ ಮಾಲೀಕರು, ಊರಿನಿಂದ ದೂರ ತೋಟದ ಮನೆಗಳಲ್ಲಿ ವಾಸಿಸುವ ರೈತರು, ಸೇನೆಯಿಂದ ನಿವೃತ್ತರಾಗಿ ಬ್ಯಾಂಕ್ ಕಾವಲಿಗೆ ಸೇರಿದವರು. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಪರವಾನಗಿ ಪಡೆದ ಆಯುಧ ಇರುವುದು ಹೆಚ್ಚಾಗಿ ಇಂಥವರ ಬಳಿ. ಹೊಲ ಕಾಯುವವರದು ಒಂಟಿನಳಿಕೆ ಅಥವಾ ಜೋಡಿನಳಿಕೆ ಬಂದೂಕು. ಹಣ ಕೊಂಡೊಯ್ಯುವವರದು ರಿವಾಲ್ವರ್. ಬಂದೂಕು ಕೆಟ್ಟರೆ ಹಂದಿ ಹೊಲಕ್ಕೆ ನುಗ್ಗೀತು. ರಿವಾಲ್ವರ್ ಕೆಟ್ಟರೆ ಆಗುವ ಅನಾಹುತ ಎರಡು ಬಗೆಯದು. ಬೇಕಾದಾಗ ಗುಂಡು ಹಾರದಿರುವುದು ಒಂದು, ಬೇಡವಾದಾಗ ಹಾರಿಬಿಡುವುದು ಇನ್ನೊಂದು.

ಎರಡನೆಯದಕ್ಕೆ ಉದಾಹರಣೆ ಹುಡುಕಲು ಬಹಳ ಹಿಂದೆ ಹೋಗಬೇಕಾಗಿಲ್ಲ. 2024ರ ಅಕ್ಟೋಬರ್ 1ರ ನಸುಕಿನಲ್ಲಿ ಹಿಂದಿ ಚಿತ್ರನಟ ಗೋವಿಂದ ಅವರು ಮುಂಬೈನ ತಮ್ಮ ಮನೆಯಲ್ಲಿ ಸ್ವಂತ ಪರವಾನಗಿಯ ರಿವಾಲ್ವರ್ ಕೈಜಾರಿ ಬಿದ್ದು, ಗುಂಡು ಹಾರಿ ಕಾಲಿಗೆ ಗಾಯ ಮಾಡಿಕೊಂಡರು. ಎದುರಾಳಿ ಇರಲಿಲ್ಲ, ಗುರಿಯೂ ಇರಲಿಲ್ಲ. ಆಯುಧ ಮಾತ್ರ ಇತ್ತು.

ಆಯುಧ ಕೆಟ್ಟಿದೆ ಎಂದು ಗೊತ್ತಾದಾಗ ಮಾಲೀಕ ಮಾಡಬಹುದಾದ ಕೆಲಸ ಸ್ಪಷ್ಟವಾಗಿಯೇ ಇದೆ: ಪರವಾನಗಿ ಇರುವ ಬಂದೂಕು ಅಂಗಡಿಗೆ ಕೊಡುವುದು, ಅಥವಾ ತಯಾರಿಸಿದ ಕಾರ್ಖಾನೆಗೇ ಕಳುಹಿಸುವುದು. ಆದರೆ ಅದು ವಾಪಸು ಬಂದ ದಿನ ಎದುರಾಗುವ ಪ್ರಶ್ನೆಗೆ ಅಷ್ಟು ಸ್ಪಷ್ಟವಾದ ಉತ್ತರವಿಲ್ಲ. ಕಾರ್ಖಾನೆಯೇ ಸರಿಮಾಡಿದೆ ಎಂಬ ಒಂದೇ ಕಾರಣಕ್ಕೆ ಆರು ಗುಂಡು ತುಂಬಿ ತಲೆದಿಂಬಿನ ಬಳಿ ಇಟ್ಟುಕೊಳ್ಳಬಹುದೇ?

ಕಾನೂನು ಕೇಳುವುದು ಬೇರೆಯದನ್ನೇ

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಕೆ, ಮಾರಾಟದಂತೆಯೇ ಅದರ ದುರಸ್ತಿ ಹಾಗೂ ಪರೀಕ್ಷೆಯ ವೃತ್ತಿಗೂ ಪರವಾನಗಿ ಬೇಕು. ಊರಿನ ಲೇತ್ ಮೆಷಿನ್ ಅಂಗಡಿಯಲ್ಲಿ, ಎಷ್ಟೇ ನುರಿತ ಕೈಯಾಗಿದ್ದರೂ, ರಿವಾಲ್ವರಿನ ಸ್ಪ್ರಿಂಗು ಬದಲಿಸಿಕೊಳ್ಳುವಂತಿಲ್ಲ. ಪರವಾನಗಿಯಲ್ಲಿ ಆಯುಧದ ಸಂಖ್ಯೆ, ಅದು ಚಾಲ್ತಿಯಲ್ಲಿರುವ ಪ್ರದೇಶ, ಇಟ್ಟುಕೊಳ್ಳಬಹುದಾದ ಗುಂಡುಗಳ ಲೆಕ್ಕ ನಮೂದಾಗಿರುತ್ತವೆ. ಪರವಾನಗಿಯ ವ್ಯಾಪ್ತಿ ರಾಜ್ಯಕ್ಕೆ ಸೀಮಿತವಾಗಿದ್ದರೆ ಮಾಲೀಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಉತ್ತರ ಪ್ರದೇಶದ ರೈಲು ಹತ್ತುವಂತಿಲ್ಲ. ಸರ್ಕಾರಿ ರಿವಾಲ್ವರುಗಳ ತವರು ಕಾನ್ಪುರ. ಚಳ್ಳಕೆರೆಯಿಂದ ಸಾವಿರದೈನೂರು ಕಿಲೋಮೀಟರಿಗೂ ದೂರ. ಮೊಳಕಾಲ್ಮೂರಿನವರ ಪಾಡು ಇನ್ನೂ ವಿಚಿತ್ರ. ಅವರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಆಂಧ್ರದ ರಾಯದುರ್ಗವೇ ಹತ್ತಿರ. ಸಂತೆಗೆ, ಮದುವೆಗೆ ಗಡಿ ದಾಟುವುದು ದಿನನಿತ್ಯದ ಮಾತು. ಆದರೆ ಆಯುಧದ ಮಟ್ಟಿಗೆ ಆ ಗಡಿ ನಿಜವಾದ ಗಡಿ.

2019ರ ತಿದ್ದುಪಡಿ ಕಾನೂನನ್ನು ಇನ್ನಷ್ಟು ಬಿಗಿಗೊಳಿಸಿತು. ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ನಿರ್ಲಕ್ಷ್ಯದಿಂದ ಅಥವಾ ಸಂಭ್ರಮಾಚರಣೆಗಾಗಿ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2016ರ ನಿಯಮಗಳು ಹೊಸ ಅರ್ಜಿದಾರರಿಗೆ ಸುರಕ್ಷತಾ ತರಬೇತಿಯನ್ನು ಕಡ್ಡಾಯಗೊಳಿಸಿದವು. ಇವೆಲ್ಲ ಒಳ್ಳೆಯ ಕ್ರಮಗಳೇ. ಆದರೆ ಒಟ್ಟಾರೆ ನೋಡಿದಾಗ ಕಾಯ್ದೆಯ ಕಾಳಜಿ ಒಂದೇ ದಿಕ್ಕಿನದು. ಆಯುಧ ಯಾರ ಕೈಯಲ್ಲಿದೆ, ಎಲ್ಲಿದೆ, ಎಷ್ಟು ಗುಂಡಿವೆ ಎಂಬುದನ್ನು ಅದು ಪಟ್ಟು ಹಿಡಿದು ಕೇಳುತ್ತದೆ. ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದು, ಒಮ್ಮೆ ಕೆಟ್ಟು, ದುರಸ್ತಿಯಾಗಿ ಮರಳಿದ ಆಯುಧ ಈಗ ಹೇಗೆ ನಡೆಯುತ್ತಿದೆ ಎಂಬ ಚಿಂತೆಯನ್ನು ಬಹುಮಟ್ಟಿಗೆ ಮಾಲೀಕನಿಗೇ ಬಿಟ್ಟಿದೆ.

ಠಾಣೆಯ ಕೊಠಡಿಯಲ್ಲಿ ಕಳೆದ ತಿಂಗಳುಗಳು

ಇದಕ್ಕೆ ಚುನಾವಣೆಯ ಲೆಕ್ಕವೂ ಸೇರುತ್ತದೆ. ಪ್ರತಿ ಚುನಾವಣೆಯಲ್ಲೂ ಜಿಲ್ಲಾಧಿಕಾರಿಯವರ ಆದೇಶದಂತೆ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. 2023ರ ವಿಧಾನಸಭಾ ಚುನಾವಣೆ ಮಾರ್ಚ್ 29ರಂದು ಘೋಷಣೆಯಾಗಿ ಮೇ 13ರ ಮತ ಎಣಿಕೆಯವರೆಗೆ ನಡೆಯಿತು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಘೋಷಣೆ ಮಾರ್ಚ್ 16ರಂದು, ಚಿತ್ರದುರ್ಗ ಕ್ಷೇತ್ರದ ಮತದಾನ ಏಪ್ರಿಲ್ 26ರಂದು, ಎಣಿಕೆ ಜೂನ್ 4ರಂದು. ಅಂದರೆ ಎರಡು ಬೇಸಿಗೆಗಳಲ್ಲಿ ಒಟ್ಟು ನಾಲ್ಕು ತಿಂಗಳ ಕಾಲ ಮಾದರಿ ನೀತಿಸಂಹಿತೆಯ ನೆರಳು. ಠಾಣೆಯಲ್ಲಿಟ್ಟ ಆಯುಧ ಸುರಕ್ಷಿತವಾಗಿರುತ್ತದೆ, ನಿಜ. ಆದರೆ ಅದಕ್ಕೆ ಎಣ್ಣೆ ಹಚ್ಚುವವರಿರುವುದಿಲ್ಲ. ಹಳೆಯ ಎಣ್ಣೆ ಜಿಡ್ಡುಗಟ್ಟುತ್ತದೆ, ಬಯಲುಸೀಮೆಯ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ, ಹ್ಯಾಮರಿನ ಸ್ಪ್ರಿಂಗು ಮೊದಲಿನ ಬಿರುಸಿನಲ್ಲಿ ಬಡಿಯುವುದಿಲ್ಲ. ಮರಳಿ ಪಡೆದವರು ರಸೀದಿಗೆ ಸಹಿ ಹಾಕಿ ನೇರ ಬೀರುವಿಗೆ ಸೇರಿಸುತ್ತಾರೆ. ದೋಷ ಕಾಣಿಸಿಕೊಳ್ಳುವುದು ಮುಂದೆಂದೋ.

ಕೊಡಗಿನ ಕೋವಿಯ ಕಥೆ ಇದಲ್ಲ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಕೋವಿ ಹಬ್ಬಕ್ಕೆ ಹೊರಬರುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಆಯುಧ ಬಳಕೆಯಲ್ಲಿರುವ ಕಡೆ ಅದರ ಐಬು ಬೇಗ ಗೊತ್ತಾಗುತ್ತದೆ. ಇಲ್ಲಿನ ರಿವಾಲ್ವರ್ ಖರೀದಿಸಿದ ದಿನದಿಂದ ಒಂದು ಗುಂಡನ್ನೂ ಹಾರಿಸದೆ ಇರುವುದುಂಟು.

ಒಳಗೆ ಏನು ಕೆಡುತ್ತದೆ

ನಾಗರಿಕರಿಗೆ ಸಿಗುವ ಸರ್ಕಾರಿ ರಿವಾಲ್ವರುಗಳಲ್ಲಿ ಬಹುಪಾಲು .32 ಬೋರಿನವು. ಹಳೆಯ ಮಾದರಿ ಬ್ರಿಟಿಷರ ವೆಬ್ಲಿಯ ವಂಶದ್ದು. ಮೇಲಿನ ಕೊಂಡಿ ಬಿಡಿಸಿದರೆ ಇಡೀ ರಿವಾಲ್ವರ್ ಮಧ್ಯಕ್ಕೆ ಮಡಚಿಕೊಂಡು ಸಿಲಿಂಡರ್ ತೆರೆದುಕೊಳ್ಳುತ್ತದೆ. 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆ ಮಹಿಳೆಯರನ್ನು ಉದ್ದೇಶಿಸಿ ತಂದ, ಒಂದು ಲಕ್ಷ ರೂಪಾಯಿಗೂ ಮೀರಿದ ಬೆಲೆಯಿಂದಾಗಿ ಸುದ್ದಿಯಾದ ‘ನಿರ್ಭೀಕ್’ ಕೂಡ ಇದೇ ಬೋರಿನದು. 2021ರ ಅಕ್ಟೋಬರ್ 1ರಂದು ಆರ್ಡ್‌ನನ್ಸ್ ಕಾರ್ಖಾನೆ ಮಂಡಳಿ ವಿಸರ್ಜನೆಯಾಗಿ ಏಳು ಕಂಪನಿಗಳಾದವು. ರಿವಾಲ್ವರ್ ತಯಾರಿಕೆ ಕಾನ್ಪುರ ಮೂಲದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯ ಪಾಲಿಗೆ ಬಂತು. ಆ ಕಂಪನಿ 2023ರ ಆಗಸ್ಟ್‌ನಲ್ಲಿ ಹೊರತಂದ ‘ಪ್ರಬಲ್’ ಮಾದರಿಯಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಮಡಚುವ ಕೊಂಡಿಯ ಕಾಟ ಅದಕ್ಕಿಲ್ಲ.

ರಿವಾಲ್ವರಿನ ಕೆಲಸ ನೋಡಲು ಸರಳ. ಟ್ರಿಗರ್ ಎಳೆದಾಗ ಒಂದು ಸಣ್ಣ ಕೈ ಸಿಲಿಂಡರನ್ನು ಒಂದು ಮನೆಯಷ್ಟು ತಿರುಗಿಸುತ್ತದೆ. ಇನ್ನೊಂದು ತಡೆ ಅದನ್ನು ಅಲ್ಲಾಡದಂತೆ ಹಿಡಿಯುತ್ತದೆ. ಆಗ ಹ್ಯಾಮರ್ ಬೀಳುತ್ತದೆ. ಸಿಲಿಂಡರಿನ ಮನೆ ಮತ್ತು ನಳಿಕೆ ಒಂದೇ ನೇರಕ್ಕೆ ಬಂದಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಗುಂಡಿನ ಅಂಚು ಕೆತ್ತಿ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದು ಹೆಚ್ಚಾದರೆ ಬೆಂಕಿ ಹೊರಚಿಮ್ಮುತ್ತದೆ, ಕಡಿಮೆಯಾದರೆ ಮಸಿ ಕಟ್ಟಿ ಸಿಲಿಂಡರ್ ತಿರುಗುವುದೇ ಇಲ್ಲ. ಹ್ಯಾಮರಿನ ಸ್ಪ್ರಿಂಗು ಸಡಿಲವಾದರೆ ಕಾಡತೂಸಿನ ತಳಕ್ಕೆ ಬೀಳುವ ಪೆಟ್ಟು ಸಾಲದು. ‘ಟಕ್’ ಎಂದಷ್ಟೇ ಕೇಳುತ್ತದೆ. ಮಡಚುವ ಮಾದರಿಯಲ್ಲಿ ಮೇಲಿನ ಕೊಂಡಿ ಸವೆದರೆ ಗುಂಡು ಹಾರುವ ಹೊತ್ತಿಗೆ ಇಡೀ ಜೋಡಣೆಯೇ ಅದುರುತ್ತದೆ.

ಈ ಭಾಗಗಳು ಒಂದನ್ನೊಂದು ಅವಲಂಬಿಸಿವೆ ಎಂಬಲ್ಲಿಯೇ ದುರಸ್ತಿಯ ಕಷ್ಟವಿದೆ. ಸವೆದ ಕೈಯನ್ನು ಬದಲಿಸಿದರೆ ಸಿಲಿಂಡರ್ ತಿರುಗುವ ಹೊತ್ತು ಬದಲಾಗುತ್ತದೆ. ಗುಂಡು ಹಾರದ ದೂರಿಗೆ ಗಟ್ಟಿ ಸ್ಪ್ರಿಂಗು ಹಾಕಿ ಕಳುಹಿಸಬಹುದು. ಆದರೆ ಮೂಲ ದೋಷ ಫೈರಿಂಗ್ ಪಿನ್ನಿನ ಸವೆತದಲ್ಲಿದ್ದರೆ ರೋಗ ಉಳಿಯಿತು, ಲಕ್ಷಣ ಮಾತ್ರ ಹೋಯಿತು. ಬೋರ್‌ವೆಲ್ ಮೋಟರ್ ಸುಟ್ಟಾಗ ಮೇಲಿಂದ ಮೇಲೆ ರಿವೈಂಡಿಂಗ್ ಮಾಡಿಸಿ ಸೋತ ಈ ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರಿಂಗ್ ಹೋದದ್ದನ್ನು ನೋಡದೆ ತಂತಿ ಮಾತ್ರ ಸುತ್ತಿದರೆ ಮೋಟರ್ ಎಷ್ಟು ದಿನ ಬಂದೀತೆಂದು ಅವನಿಗೆ ಗೊತ್ತು.

ಕಾವಲಿನಲ್ಲಿ ನಡೆಯುವ ಪರೀಕ್ಷೆ

ವಿಪರ್ಯಾಸವೆಂದರೆ, ದುರಸ್ತಿಯಾದದ್ದನ್ನು ನಂಬುವ ಮುನ್ನ ಏನು ಮಾಡಬೇಕೆಂಬುದಕ್ಕೆ ದೇಶದ ದೊಡ್ಡ ಪಾಠಶಾಲೆಯೊಂದು ಚಳ್ಳಕೆರೆಯಲ್ಲೇ ಇದೆ. ಅಮೃತ ಮಹಲ್ ಕಾವಲಿನ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಡಿಆರ್‌ಡಿಒ ಕಟ್ಟಿದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಹುಲ್ಲುಗಾವಲು ಕಳೆದುಕೊಂಡ ಕುರಿಗಾಹಿಗಳ ಅಳಲು ಬೇರೆಯೇ ಅಧ್ಯಾಯ. ಚಾಲಕರಹಿತ ವಿಮಾನ ರುಸ್ತುಂ–2 ಇಲ್ಲಿಂದ ಮೊದಲು ಹಾರಿದ್ದು 2016ರ ನವೆಂಬರ್ 16ರಂದು. 2019ರ ಸೆಪ್ಟೆಂಬರ್ 17ರಂದು ಅದೇ ಮಾಲಿಕೆಯ ವಿಮಾನವೊಂದು ಜೋಡಿಚಿಕ್ಕೇನಹಳ್ಳಿ ಬಳಿ ಹೊಲದಲ್ಲಿ ಬಿತ್ತು. ಯೋಜನೆ ನಿಲ್ಲಲಿಲ್ಲ, ದೋಷ ಹುಡುಕಿ ಮತ್ತೆ ಹಾರಿಸಿದರು, ತಪಸ್ ಎಂಬ ಹೆಸರಿನಲ್ಲಿ 28 ಸಾವಿರ ಅಡಿ ಎತ್ತರ ಮುಟ್ಟಿಸಿದರು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವಡ್ಡಿಕೆರೆ ಬಳಿ ಮತ್ತೊಂದು ಬಿತ್ತು. ಸೇನೆಗಳು ಕೇಳಿದ್ದು 30 ಸಾವಿರ ಅಡಿಯಲ್ಲಿ 24 ಗಂಟೆಗಳ ಹಾರಾಟ. ಅದು ಈಡೇರಲಿಲ್ಲವೆಂದು ಯೋಜನೆಗಿದ್ದ ಆದ್ಯತೆಯನ್ನೇ ಹಿಂತೆಗೆದುಕೊಳ್ಳಲಾಯಿತು.

ಇಲ್ಲಿ ಗಮನಿಸಬೇಕಾದದ್ದು ವಿಮಾನ ಬಿದ್ದದ್ದನ್ನಲ್ಲ, ನಂಬಿಕೆಯನ್ನು ಅಳೆದ ಬಗೆಯನ್ನು. ‘ಸರಿಪಡಿಸಿದ್ದೇವೆ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಖಾಲಿ ಬಯಲಿನ ಮೇಲೆ ಮತ್ತೆ ಮತ್ತೆ ಹಾರಿಸಿ, ಬರೆದಿಟ್ಟ ಅಳತೆಗೆ ತಾಳೆ ನೋಡಿ, ತಯಾರಿಸಿದವರಲ್ಲದ ಬೇರೊಬ್ಬರು ಒಪ್ಪಬೇಕು. ಅದೇ ಕಾವಲಿನ ಬೇಲಿಯಾಚೆ ರಿವಾಲ್ವರ್ ಇಟ್ಟುಕೊಂಡವರಿಗೆ ಬಯಲೂ ಇಲ್ಲ, ಬರೆದಿಟ್ಟ ಅಳತೆಯೂ ಇಲ್ಲ, ಒಪ್ಪಿಗೆ ಕೊಡುವ ಮೂರನೆಯವರೂ ಇಲ್ಲ.

ಕಾರ್ಖಾನೆಯ ದುರಸ್ತಿಯ ನಂತರವೂ ಅನುಮಾನ ಉಳಿಯುವುದು ಇಲ್ಲಿನ ಮಾತಷ್ಟೇ ಅಲ್ಲ. ಅಮೆರಿಕದ ಸಿಗ್ ಸಾವರ್ ಕಂಪನಿಯ ಪಿ–320 ಪಿಸ್ತೂಲು ಕೈಜಾರಿ ಬಿದ್ದರೆ ಗುಂಡು ಹಾರಬಹುದೆಂಬ ದೂರು ಎದ್ದಾಗ, 2017ರ ಆಗಸ್ಟ್‌ನಲ್ಲಿ ಕಂಪನಿ ಉಚಿತ ಮಾರ್ಪಾಡು ಘೋಷಿಸಿತು. ಮಾರ್ಪಾಡಿನ ಬಳಿಕವೂ ದಾವೆಗಳು ಹೂಡಲ್ಪಟ್ಟವು. 2024ರಲ್ಲಿ ಜಾರ್ಜಿಯಾ ಮತ್ತು ಪೆನ್ಸಿಲ್ವೇನಿಯಾಗಳ ಜ್ಯೂರಿಗಳು ಗಾಯಾಳುಗಳ ಪರವಾಗಿ ತೀರ್ಪಿತ್ತವು. ಕಂಪನಿ ದೋಷವನ್ನು ಒಪ್ಪಿಲ್ಲ. 2025ರ ಜುಲೈನಲ್ಲಿ ವ್ಯೋಮಿಂಗ್‌ನ ವಾಯುನೆಲೆಯಲ್ಲಿ ಯೋಧರೊಬ್ಬರು ಗುಂಡೇಟಿಗೆ ಬಲಿಯಾದಾಗ ವಾಯುಪಡೆಯ ಒಂದು ವಿಭಾಗ ಇದೇ ವಂಶದ ಎಂ–18 ಪಿಸ್ತೂಲಿನ ಬಳಕೆಯನ್ನೇ ತಡೆಹಿಡಿಯಿತು. ನಂತರ ಸಹೋದ್ಯೋಗಿಯೊಬ್ಬನ ಬಂಧನವಾಯಿತು, ಪಿಸ್ತೂಲುಗಳನ್ನು ತಪಾಸಣೆ ಮಾಡಿ ಬಳಕೆಗೆ ಮರಳಿಸಲಾಯಿತು. ಒಮ್ಮೆ ಕಳೆದ ನಂಬಿಕೆ ಮರಳುವುದು ಎಷ್ಟು ಕಷ್ಟವೋ, ಪ್ರತಿ ಅವಘಡಕ್ಕೂ ಆಯುಧವನ್ನೇ ದೂರುವುದು ಅಷ್ಟೇ ಅಪಾಯಕರ ಎಂಬುದನ್ನು ಈ ಪ್ರಕರಣ ತೋರಿಸಿತು.

ರಿವಾಲ್ವರಿಗೇ ಹತ್ತಿರದ ಉದಾಹರಣೆ ಅದೇ ದೇಶದ ರೂಗರ್ ಕಂಪನಿಯದು. 1973ಕ್ಕೆ ಮುಂಚಿನ ಅದರ ಹಳೆಯ ಮಾದರಿಗಳಲ್ಲಿ ಹ್ಯಾಮರಿಗೆ ಪೆಟ್ಟು ಬಿದ್ದರೆ ಗುಂಡು ಹಾರುವ ಸಾಧ್ಯತೆ ಇತ್ತು. ತಿಳಿದವರು ಆರು ಮನೆಯ ಸಿಲಿಂಡರಿನಲ್ಲಿ ಐದೇ ಗುಂಡು ತುಂಬಿ, ಹ್ಯಾಮರಿನ ಕೆಳಗಿನ ಮನೆಯನ್ನು ಖಾಲಿ ಬಿಡುತ್ತಿದ್ದರು. ಕಂಪನಿ 1982ರಿಂದ ಅವುಗಳಿಗೆ ಉಚಿತವಾಗಿ ಸುರಕ್ಷತಾ ಭಾಗ ಜೋಡಿಸಿಕೊಡುವ ವ್ಯವಸ್ಥೆ ಮಾಡಿತು. ಬಿಚ್ಚಿದ ಹಳೆಯ ಭಾಗಗಳನ್ನೂ ಮಾಲೀಕನಿಗೆ ಹಿಂದಿರುಗಿಸುವ ಪದ್ಧತಿ ಇಟ್ಟುಕೊಂಡಿತು. ಏನು ತೆಗೆದರು, ಏನು ಹಾಕಿದರು ಎಂಬುದು ಮಾಲೀಕನ ಅಂಗೈಯಲ್ಲಿರುತ್ತದೆ. ನಮ್ಮಲ್ಲಿ ಸ್ಕೂಟರ್ ಮೆಕ್ಯಾನಿಕ್ ಕೂಡ ಸವೆದ ಬ್ರೇಕ್ ಶೂ ತೋರಿಸಿಯೇ ಹಣ ಕೇಳುತ್ತಾನೆ.

ಆರು ಗುಂಡು ಸಾಕೇ?

ಮರಳಿ ಬಂದ ರಿವಾಲ್ವರಿನಲ್ಲಿ ಆರು ಗುಂಡು ಹಾರಿಸಿ, ಆರೂ ಹಾರಿದವು, ಇನ್ನು ಚಿಂತೆಯಿಲ್ಲ ಎನ್ನುವವರೇ ಹೆಚ್ಚು. ಲೆಕ್ಕ ಬೇರೆ ಹೇಳುತ್ತದೆ. ಹತ್ತಕ್ಕೆ ಒಂದು ಸಲ ಕೈಕೊಡುವ ಕೆಟ್ಟ ರಿವಾಲ್ವರ್ ಎಂದೇ ಇಟ್ಟುಕೊಳ್ಳೋಣ. ಅದರಲ್ಲೂ ಸತತ ಆರು ಗುಂಡು ಸರಿಯಾಗಿ ಹಾರುವ ಸಾಧ್ಯತೆ ಶೇ 53. ಅಂದರೆ ಆರು ಗುಂಡಿನ ಪರೀಕ್ಷೆ ನಾಣ್ಯ ಚಿಮ್ಮಿದಂತೆ. ಹದಿನೆಂಟು ಗುಂಡು ಹಾರಿಸಿದರೆ ಆ ಕೆಟ್ಟ ಆಯುಧ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ 15ಕ್ಕೂ, ಮೂವತ್ತು ಹಾರಿಸಿದರೆ ಶೇ 4ಕ್ಕೂ ಇಳಿಯುತ್ತದೆ. ಐವತ್ತು ಗುಂಡು ತಡೆಯಿಲ್ಲದೆ ಹಾರಿದರೂ ನೂರಕ್ಕೆ ಐದಾರು ಸಲ ತಪ್ಪುವ ಸಂಭವವನ್ನು ಪೂರ್ತಿ ತಳ್ಳಿಹಾಕಲಾಗದು. ದುಬಾರಿ ಕಾಡತೂಸನ್ನು ಪರವಾನಗಿಯ ಮಿತಿಯೊಳಗೆ ಎಣಿಸಿ ಕೊಳ್ಳುವವನಿಗೆ ಈ ಲೆಕ್ಕ ಕಹಿಯೇ. ಆದರೆ ಗುಂಡು ಉಳಿಸಿ ಸಂಶಯ ಇಟ್ಟುಕೊಳ್ಳುವುದಕ್ಕಿಂತ, ಒಂದೆರಡು ವರ್ಷಗಳ ಖರೀದಿಯನ್ನು ಪರೀಕ್ಷೆಗೇ ಮೀಸಲಿಡುವುದು ಲೇಸು.

ಗುಂಡು ತುಂಬುವ ಮುನ್ನವೇ ತಿಳಿಯಬಹುದಾದವು ಹಲವಿವೆ. ಸಿಲಿಂಡರ್ ಖಾಲಿ ಇದೆಯೆಂದು ಎರಡು ಬಾರಿ ಖಚಿತಪಡಿಸಿಕೊಂಡು, ಹ್ಯಾಮರನ್ನು ನಿಧಾನವಾಗಿ ಎಳೆದು, ಆರು ಮನೆಗಳೂ ಒಂದೊಂದಾಗಿ ಬಂದು ಗಟ್ಟಿಯಾಗಿ ನಿಲ್ಲುತ್ತವೆಯೇ ಎಂದು ನೋಡಬೇಕು. ಐದು ಸರಿಯಿದ್ದು ಒಂದು ಸಡಿಲವಿದ್ದರೂ ಅದು ದೋಷವೇ. ನಿಂತ ಸಿಲಿಂಡರ್ ಮುಂದಕ್ಕೂ ಹಿಂದಕ್ಕೂ ಗಡಗಡ ಆಡಬಾರದು. ಪೂರ್ತಿ ಎಳೆದ ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲನೆ ಮುಂದಕ್ಕೆ ಒತ್ತಿದಾಗ ಟ್ರಿಗರ್ ಮುಟ್ಟದೆಯೇ ಅದು ಬಿದ್ದರೆ, ಆ ರಿವಾಲ್ವರ್ ಮರುದಿನವೇ ಮತ್ತೆ ಅಂಗಡಿಗೆ ಹೋಗಬೇಕು. ಅದರಲ್ಲಿ ಒಂದು ಗುಂಡನ್ನೂ ತುಂಬಬಾರದು. ಮಡಚುವ ಮಾದರಿಯಾದರೆ ಮುಚ್ಚಿದ ಬಳಿಕ ಮೇಲಿನ ಕೊಂಡಿಯಲ್ಲಿ ಸಡಿಲವಿದೆಯೇ ಎಂಬುದನ್ನು ನೋಡಬೇಕು. ಈ ತಪಾಸಣೆಯನ್ನೂ ಪರವಾನಗಿ ಇರುವ ಬಂದೂಕು ಅಂಗಡಿಯವರ ಎದುರಿನಲ್ಲಿ ಮಾಡಿಸುವುದು ಜಾಣತನ.

ಗುಂಡು ಹಾರಿಸುವುದು ಎಲ್ಲಿ? ತೋಟದ ಬದುವಿನಲ್ಲಿ ಎಂಬ ಉತ್ತರ ಸುಲಭ, ಸರಿಯಲ್ಲ. ಸಾರ್ವಜನಿಕ ಸ್ಥಳದಲ್ಲಿ ಗುಂಡು ಹಾರಿಸುವುದನ್ನು 2016ರ ನಿಯಮಗಳು ನಿಷೇಧಿಸಿವೆ, ಪರವಾನಗಿಯೇ ರದ್ದಾಗಬಹುದು. ಬಂಡೆಗಳೇ ತುಂಬಿದ ಮೊಳಕಾಲ್ಮೂರಿನ ಗುಡ್ಡಗಳಲ್ಲಿ ಸಿಡಿದ ಗುಂಡು ಯಾವ ಕಡೆ ತಿರುಗೀತೆಂದು ಹೇಳಲಾಗದು, ಕರಡಿ ಓಡಾಡುವ ಅದೇ ಜಾಡಿನಲ್ಲಿ ದನ ಕಾಯುವ ಹುಡುಗರೂ ಇರುತ್ತಾರೆ. ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುವುದುಂಟು. ದುರಸ್ತಿಯಾದ ಆಯುಧಗಳ ಪರೀಕ್ಷೆಗೆ ವರ್ಷಕ್ಕೆ ಎರಡು ದಿನ ಅದೇ ಮೈದಾನವನ್ನು, ಅದೇ ಶಸ್ತ್ರಾಗಾರದ ಸಿಬ್ಬಂದಿಯನ್ನು ಶುಲ್ಕ ಪಡೆದು ಒದಗಿಸುವುದು ಇಲಾಖೆಗೆ ಭಾರವಾಗದು. ಚುನಾವಣೆಗೆ ಆಯುಧ ತರಿಸಿಕೊಳ್ಳುವ ವ್ಯವಸ್ಥೆ ಇದ್ದಮೇಲೆ, ಪರೀಕ್ಷೆಗೆ ತರಿಸಿಕೊಳ್ಳುವ ವ್ಯವಸ್ಥೆ ಏಕೆ ಆಗಬಾರದು? ಹೊರೆ ಪೂರ್ತಿ ಮಾಲೀಕನ ಮೇಲೆಯೇ ಇರುವವರೆಗೆ ಪರೀಕ್ಷೆಯಿಲ್ಲದೆ ಬೀರು ಸೇರುವ ರಿವಾಲ್ವರುಗಳೇ ಹೆಚ್ಚಾಗಿರುತ್ತವೆ.

ಮೈದಾನದಲ್ಲಿ ಎರಡು ಎಚ್ಚರ ಮುಖ್ಯ. ಟ್ರಿಗರ್ ಎಳೆದಾಗ ಗುಂಡು ಹಾರದಿದ್ದರೆ ತಕ್ಷಣ ತೆರೆಯಬಾರದು. ನಳಿಕೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಸದ್ದು ಎಂದಿನಂತಿರದೆ ಕ್ಷೀಣವಾಗಿ ಕೇಳಿದರೆ ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಕೆ ಸೀಳುತ್ತದೆ. ಪರೀಕ್ಷೆಯಲ್ಲಿ ಒಂದು ಗುಂಡು ಕೈಕೊಟ್ಟ ಮಾತ್ರಕ್ಕೆ ದುರಸ್ತಿ ಸೋತಿತೆಂದೂ ಹೇಳಲಾಗದು, ಏಕೆಂದರೆ ವರ್ಷಾನುಗಟ್ಟಲೆ ಡಬ್ಬಿಯಲ್ಲಿ ಕೂತ ಕಾಡತೂಸೇ ಕೆಟ್ಟಿರಬಹುದು. ಅದರ ತಳದಲ್ಲಿ ಹ್ಯಾಮರಿನ ಪೆಟ್ಟು ಆಳವಾಗಿ ಮೂಡಿದ್ದರೆ ತಪ್ಪು ಬಹುಶಃ ಗುಂಡಿನದು. ಗುರುತು ತೆಳುವಾಗಿದ್ದರೆ ರಿವಾಲ್ವರಿನದು. ಹಾರದ ಗುಂಡನ್ನು ಎಸೆಯದೆ ಬಂದೂಕು ಅಂಗಡಿಯವರಿಗೆ ತೋರಿಸಬೇಕಾದದ್ದು ಇದಕ್ಕಾಗಿಯೇ.

ಕಾಗದಗಳ ವಿಷಯ. ಕಳುಹಿಸುವಾಗ ದೂರನ್ನು ಲಿಖಿತವಾಗಿ ಕೊಡುವುದು, ಮರಳುವಾಗ ಬದಲಿಸಿದ ಭಾಗಗಳ ಪಟ್ಟಿ ಹಾಗೂ ಪರೀಕ್ಷೆಗೆ ಹಾರಿಸಿದ ಗುಂಡುಗಳ ವಿವರ ಕೇಳುವುದು ಗ್ರಾಹಕನ ಹಕ್ಕಿನ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನದ ಹೊಣೆಗಾರಿಕೆಯನ್ನು ತಯಾರಕರಿಗೆ ಮಾತ್ರವಲ್ಲ, ದುರಸ್ತಿಯಂಥ ಸೇವೆ ಒದಗಿಸುವವರಿಗೂ ವಿಸ್ತರಿಸಿದೆ. ಸರ್ಕಾರಿ ಕಾರ್ಖಾನೆ ಎಂಬ ಕಾರಣಕ್ಕೆ ಮಾಲೀಕ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು. ಆದರೆ ಅಲ್ಲಿ ನಿಲ್ಲುವುದು ದಾಖಲೆ ಇದ್ದವರ ವಾದ ಮಾತ್ರ.

ಎರಡನೇ ಬಾರಿ ಅದೇ ದೋಷ ಕಾಣಿಸಿಕೊಂಡ ರಿವಾಲ್ವರನ್ನು ಮೂರನೇ ಬಾರಿ ಕಾನ್ಪುರಕ್ಕೆ ಅಟ್ಟುವುದು ವ್ಯರ್ಥ. ಪರವಾನಗಿ ಪ್ರಾಧಿಕಾರದ ಅನುಮತಿ ಪಡೆದು ಅಂಗಡಿಗೆ ಒಪ್ಪಿಸಿ ಬೇರೆಯದನ್ನು ಕೊಳ್ಳಲು ಅವಕಾಶವಿದೆ. ಅಷ್ಟಕ್ಕೆ ಮನಸ್ಸು ಬಾರದಿದ್ದರೆ, ಅಜ್ಜನ ಕಾಲದ್ದೆಂಬ ಮಮತೆಯಿದ್ದರೆ, ಗುಂಡಿಲ್ಲದೆ ಇಟ್ಟುಕೊಳ್ಳುವುದು ಉಳಿದ ದಾರಿ. ಆಗಲೂ ಪರವಾನಗಿ ನವೀಕರಣ ತಪ್ಪುವುದಿಲ್ಲ. ಮಾಲೀಕನಿಗೆ 70 ವರ್ಷ ತುಂಬಿದ ಮೇಲೆ, ಇಲ್ಲವೇ ಆಯುಧ ಅವನಲ್ಲಿ 25 ವರ್ಷ ಇದ್ದ ಮೇಲೆ ವಾರಸುದಾರರು ಅದಕ್ಕೆ ಪರವಾನಗಿ ಕೋರಲು ನಿಯಮದಲ್ಲಿ ಎಡೆಯಿದೆ. ಹೀಗೆ ಮಗನ ಕೈಗೆ ಹೋಗುವ ರಿವಾಲ್ವರಿನ ಜೊತೆ ಯಾವ ವರ್ಷ ಏನು ಕೆಟ್ಟಿತ್ತು, ಯಾವ ಭಾಗ ಬದಲಾಯಿತು, ಆಮೇಲೆ ಎಷ್ಟು ಗುಂಡು ಹಾರಿಸಿ ನೋಡಲಾಯಿತು ಎಂಬ ಚೀಟಿಯೂ ಹೋಗಬೇಕು. ಇಲ್ಲವಾದರೆ ಮಗ ಮೊದಲಿನಿಂದ ಪರೀಕ್ಷೆ ಮಾಡಬೇಕಾಗುತ್ತದೆ.